ಕೆಂಪು ಟ್ರೇಯ ಮುಚ್ಚಳ

ಮುನಿರತ್ನಮ್ಮ ಸುಳ್ಳು ರುಜು ಹಾಕಿರಲಿಲ್ಲ. ಅಂದು ಎಲ್ಲರೆದುರು ಆಕೆಯ ಕೈಗೆ ಬಗ್ಗದೆ ಹೋದ ಮುಚ್ಚಳವನ್ನು ಆಕೆಗೆ ಕೊಟ್ಟವನು ನಾನು. ಅದು ತೆರೆಯುವಂಥದ್ದಲ್ಲ ಎಂದು ತಿಳಿದೇ ಕೊಟ್ಟೆ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ಹನ್ನೆರಡು ವರ್ಷಗಳಿಂದ ಈ ಸಂಗತಿಯನ್ನು ನನಗೆ ನಾನೇ ಎಷ್ಟೋ ಬಗೆಯಲ್ಲಿ ಹೇಳಿಕೊಂಡಿದ್ದೇನೆ. ಹೇಳಿಕೊಂಡಾಗಲೆಲ್ಲ ಸ್ವಲ್ಪ ಸ್ವಲ್ಪ ಒಳ್ಳೆಯವನಾಗುತ್ತ ಬಂದಿದ್ದೇನೆ. ಒಂದು ಸಲ ಕೈ ತಪ್ಪಿತು ಅಂದುಕೊಂಡೆ. ಇನ್ನೊಂದು ಸಲ, ಗಾಬರಿಯಲ್ಲಿದ್ದೆ ಅಂದುಕೊಂಡೆ. ಹೀಗಾಗಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ನಾನು ಉರಿಗಾಂನವನು. ಅಪ್ಪ ಅಲ್ಲಿನ ಚಿನ್ನದ ಗಣಿಯ ಬಡಗಿ ಶೆಡ್ಡಿನಲ್ಲಿದ್ದರು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ನಾನು ಗಣಿಗೆ ಹೋಗದೆ ಬಂಗಾರಪೇಟೆಯ ಒಂದು ಸಣ್ಣ ಕಾರ್ಖಾನೆಗೆ ಸೇರಿದೆ. ತಗಡಿನ ಡಬ್ಬಿಗಳಿಗೆ ಮುಚ್ಚಳ ಒತ್ತುವ ಜಾಗ. ಆಸ್ಬೆಸ್ಟಾಸ್ ಶೀಟಿನ ಒಂದು ಶೆಡ್ಡು, ಆರು ಪ್ರೆಸ್ಸುಗಳು, ಒಂದು ಉದ್ದನೆಯ ಮೇಜು. ಆ ಮೇಜಿನ ಸುತ್ತ ಸುತ್ತಲ ಹಳ್ಳಿಗಳಿಂದ ಬರುವ ಏಳೆಂಟು ಹೆಂಗಸರು ಕೂತು ಮುಚ್ಚಳಗಳನ್ನು ಆರಿಸುತ್ತಿದ್ದರು. ನನ್ನ ಕೆಲಸ ಡ್ರಾಯಿಂಗ್ ಮಾಡುವುದು, ಅದರಂತೆ ಮುಚ್ಚಳ ಒತ್ತುವ ಉಕ್ಕಿನ ಅಚ್ಚು, ಅಂದರೆ ಡೈ, ಮಾಡಿಸುವುದು, ಪ್ರೆಸ್ಸಿನ ಮೇಲೆ ಅದನ್ನು ಕೂರಿಸುವುದು.

ಎಂಬತ್ತರ ದಶಕದ ನಡುವೆ ಒಂದು ದಿನ ಮಾಲೀಕರು ಪರದೇಶದಿಂದ ಯಾರೋ ತಂದ ಒಂದು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟರು. ಮುಚ್ಚಳದ ಮೇಲೆ ಒಂದು ಉಂಗುರ. ಎತ್ತಿ ಎಳೆದರೆ ಬಾಯಿ ತೆರೆದುಕೊಳ್ಳುತ್ತದೆ. ಚಾಕು ಬೇಡ, ಉಳಿ ಬೇಡ.

“ನಮ್ ಕೈಲಾಗತ್ತೇನಯ್ಯಾ ಇದು?” ಅಂದರು.

“ಆಗತ್ತೆ ಸಾರ್” ಅಂದೆ. ಹಾಗೆನ್ನುವ ಮೊದಲು ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

ಆ ಮುಚ್ಚಳದಲ್ಲಿ ಉಂಗುರವನ್ನು ಕೂರಿಸಲು ತೂತು ಕೊರೆಯುವುದಿಲ್ಲ. ತೂತಾದರೆ ಒಳಗಿನ ರಸ ಸೋರುತ್ತದೆ. ಮುಚ್ಚಳದ ತಗಡನ್ನೇ ಒಂದು ಕಡೆ ಗುಳ್ಳೆಯ ಹಾಗೆ ಉಬ್ಬಿಸಿ, ಅದರ ಮೇಲೆ ಉಂಗುರವನ್ನು ಇಟ್ಟು, ಗುಳ್ಳೆಯ ತಲೆಯನ್ನು ಚಪ್ಪಟೆಯಾಗಿ ಒತ್ತಬೇಕು. ಆಮೇಲೆ ತೆರೆಯಬೇಕಾದ ಬಾಯಿಯ ಸುತ್ತ ಒಂದು ಗೀರು. ಗೀರು ಆಳವಾದರೆ ಡಬ್ಬಿಯನ್ನು ಕುದಿಸುವಾಗಲೋ ಲಾರಿಯ ಕುಲುಕಾಟದಲ್ಲೋ ಒಡೆಯುತ್ತದೆ. ಆಳ ಸಾಲದಿದ್ದರೆ ಬೆರಳಿಗೆ ಬಗ್ಗುವುದಿಲ್ಲ. ಉಂಗುರದ ಒಂದು ತುದಿಗೆ ಮೂತಿ ಇರುತ್ತದೆ. ಇನ್ನೊಂದು ತುದಿಯನ್ನು ಎತ್ತಿದಾಗ ಈ ಮೂತಿ ಕೆಳಕ್ಕೆ ಒತ್ತಿ, ಗೀರನ್ನು ಮೊದಲು ಒಂದು ಕಡೆ ಮುರಿಯಬೇಕು. ಮುರಿದ ಮೇಲೆ ಉಳಿದದ್ದು ಸುಲಭ.

ನಾನು ಗುಳ್ಳೆಯನ್ನು ಇರಬೇಕಾದ ಜಾಗಕ್ಕಿಂತ ಸ್ವಲ್ಪ ಒಳಗೆ ಬರೆದೆ. ಗುಳ್ಳೆ ಒತ್ತುವಾಗ ಪಕ್ಕದ ಗೀರು ಬಿರಿಯಬಹುದೆಂಬ ಭಯ. ಅದರಿಂದ ಉಂಗುರದ ಮೂತಿ ಗೀರಿನ ಮೇಲೆ ಬೀಳದೆ ಅದರ ಈಚೆಗೆ ಬೀಳುತ್ತಿತ್ತು. ಕಾಗದದ ಮೇಲೆ ಅದು ಪೆನ್ಸಿಲ್ ಗೆರೆಯ ದಪ್ಪದಷ್ಟು. ಸಾಲದ್ದಕ್ಕೆ ಪರದೇಶದ ಮುಚ್ಚಳ ಮೆತ್ತನೆಯ ಅಲ್ಯೂಮಿನಿಯಂ, ನಮ್ಮದು ಗಡುಸಾದ ಕಬ್ಬಿಣದ ತಗಡು. ಆ ಗೆರೆಯಷ್ಟು ಅಂತರ ಕೈಗೆ ಬಂದಾಗ ಗೋಡೆಯಾಗುತ್ತದೆಂದು ನನಗೆ ತಿಳಿದದ್ದು ಡೈ ಮುಗಿದ ಮೇಲೆ.

ಡೈ ಮಾಡಿದವರು ಚಾಂಪಿಯನ್ ರೀಫ್ಸ್‌ನ ಸೆಲ್ವರಾಜ್ ಮೇಸ್ತ್ರಿ. ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಾಲ್ಕು ತಿಂಗಳು ಕೂತು ಅರದಿಂದ ಉಜ್ಜಿ ಉಜ್ಜಿ ಆ ಡೈಯನ್ನು ಎಬ್ಬಿಸಿದ್ದರು. ಮೊದಲ ಮುಚ್ಚಳ ಬಂದಾಗ ಅದನ್ನು ಅಂಗೈಮೇಲಿಟ್ಟುಕೊಂಡು, “ತಂಬಿ, ಬಂಗಾರ ತೆಗ್ಯೋರ ಕೈಲಿ ತಗಡು ಇಷ್ಟ್ ಚೆಂದ ಬಂತಲ್ಲಪ್ಪಾ” ಎಂದು ನಕ್ಕರು. ನಾನು ಉಂಗುರ ಎತ್ತಿ ನೋಡಿದೆ. ಬಗ್ಗಲಿಲ್ಲ. “ಹೊಸದಲ್ವಾ, ಬಿಗಿ ಇದೆ” ಅಂದೆ. ಡ್ರಾಯಿಂಗ್ ತಪ್ಪಿದೆ ಎನ್ನಬಹುದಿತ್ತು — ಅನ್ನಲಿಲ್ಲ.

ಮುಚ್ಚಳ ಕೊಳ್ಳುವವರು ಮದರಾಸಿನ ಕಡೆಯ ಒಂದು ಹಣ್ಣಿನ ರಸದ ಕಂಪನಿ. ಶ್ರೀನಿವಾಸಪುರದ ಮಾವಿನ ರಸವನ್ನು ಸಣ್ಣ ಡಬ್ಬಿಗಳಲ್ಲಿ ತುಂಬಿ ಮಾರುವವರು. ಅವರು ಹಾಕಿದ ಷರತ್ತು ಒಂದೇ: ಪ್ರತಿ ದಿನದ ಮಾಲಿನಿಂದ ಕೆಲವು ಮುಚ್ಚಳಗಳನ್ನು ಖಾಲಿ ಡಬ್ಬಿಗೆ ಕೂರಿಸಿ, ಸಾಮಾನ್ಯ ಹೆಂಗಸೊಬ್ಬಳು ಬರಿಗೈಯಲ್ಲಿ ತೆರೆದು, ಪುಸ್ತಕದಲ್ಲಿ ರುಜು ಹಾಕಬೇಕು. ಎಳೆತವನ್ನು ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಹೆಂಗಸಿನ ಕೈಯೇ ಯಂತ್ರ.

ಆರಿಸುವ ಮೇಜಿನವರನ್ನೆಲ್ಲ ಕೂರಿಸಿ ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಕೊಟ್ಟೆ. ಒಬ್ಬಳ ಉಗುರು ಮುರಿಯಿತು. ಇನ್ನೊಬ್ಬಳು ಹಲ್ಲು ಹಾಕಲು ಹೋದಳು. ಎಲ್ಲರಿಗಿಂತ ಚಿಕ್ಕವಳಾದ ನಾಗವೇಣಿ, “ಸಾರ್, ಇದು ತೆಗ್ಯೋ ಮುಚ್ಳನಾ, ಮುಚ್ಚೋ ಮುಚ್ಳನಾ?” ಎಂದು ಕೇಳಿ ಎಲ್ಲರನ್ನೂ ನಗಿಸಿದಳು.

ಮೇಜಿನ ತುದಿಯಲ್ಲಿ ‘ಟಪ್’ ಎಂಬ ಸದ್ದು ಬಂತು. ಮುನಿರತ್ನಮ್ಮ ತೆರೆದ ಡಬ್ಬಿಯನ್ನು ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಇನ್ನೊಂದು ಕೊಟ್ಟೆ. ಟಪ್. ಮತ್ತೊಂದು.

“ಅಕ್ಕೋ, ನಿನ್ ಕೈಗ್ ಸಿಕ್ಕಿದ್ರೆ ಭಾವನ್ ಕಿವಿನೂ ಇಂಗೇ ಕಿತ್ಕೊಂಡ್ ಬತ್ತದೆ” ಅಂದಳು ನಾಗವೇಣಿ.

“ಬರ್ಲಿ ಬುಡೇ. ಎಂಗೂ ನಾನ್ ಏಳಿದ್ದು ಅದ್ರೊಳೀಕೆ ಓಗಲ್ಲ.”

ಆಕೆ ಹೇಗೆ ತೆರೆಯುತ್ತಾಳೆಂದು ಬಗ್ಗಿ ನೋಡಿದೆ. ಮನೆಯಲ್ಲಿ ನಾಲ್ಕು ಹಸು. ಸಾಲದ್ದಕ್ಕೆ ಬೆಳಿಗ್ಗೆ ಸಂಜೆ ಊರಿನ ಇನ್ನೂ ಮೂರು ಮನೆಗಳಲ್ಲಿ ಹಾಲು ಕರೆಯುತ್ತಿದ್ದಳು. ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅದರ ಗೆಣ್ಣಿನಿಂದ ಮೊಲೆತೊಟ್ಟನ್ನು ಒತ್ತಿ ಕರೆಯುವ ಕೈ. ಆ ಗೆಣ್ಣಿನ ಮೇಲೆ ಹುಣಸೆಬೀಜದಂಥ ಜಡ್ಡು. ಮುಚ್ಚಳವನ್ನೂ ಆಕೆ ಹಾಗೇ ಹಿಡಿಯುತ್ತಿದ್ದಳು — ಮಡಚಿದ ಹೆಬ್ಬೆರಳ ಗೆಣ್ಣು ಉಂಗುರದ ಮೂತಿಯ ಮುಂದೆ, ನೇರ ಗೀರಿನ ಮೇಲೆ, ತೋರುಬೆರಳು ಉಂಗುರದೊಳಗೆ. ಒತ್ತುವುದೂ ಎಳೆಯುವುದೂ ಒಟ್ಟಿಗೆ. ನನ್ನ ಡ್ರಾಯಿಂಗಿನಲ್ಲಿ ಕಮ್ಮಿಯಾಗಿದ್ದ ಆ ಗೆರೆಯಷ್ಟು ಜಾಗವನ್ನು ಆಕೆಯ ಜಡ್ಡು ತುಂಬುತ್ತಿತ್ತು.

ಇದೆಲ್ಲ ನನಗೆ ಆಗಲೇ ಹೊಳೆಯಿತೋ, ನಂತರ ಹೊಂದಿಸಿಕೊಂಡೆನೋ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಆಗಲೇ ಹೊಳೆಯಿತು. ಯಾಕೆಂದರೆ ಮರುದಿನದಿಂದ ಪರೀಕ್ಷೆಗೆ ಬೇರೆ ಯಾರನ್ನೂ ಕೂರಿಸಲಿಲ್ಲ. ಸಾಮಾನ್ಯ ಹೆಂಗಸು ಎಂಬ ಜಾಗದಲ್ಲಿ ಮುನಿರತ್ನಮ್ಮನ ಹೆಸರು ಬರೆದೆ. ಆಕೆ ದಿನವೂ ಕೊಟ್ಟಷ್ಟನ್ನೂ ತೆರೆದಳು. ಒಂದನ್ನೂ ಬಿಡಲಿಲ್ಲ. ಒಮ್ಮೆ, ಲಾರಿ ಕಾಯುತ್ತಿದೆ, ಇವತ್ತು ಸುಮ್ಮನೆ ರುಜು ಹಾಕಮ್ಮ ಎಂದು ನಾನೇ ಅಂದಾಗ, “ತೆಗೀದೆ ಎಂಗ್ ಸಾರ್ ಆಕೋದು?” ಎಂದು ಎಲ್ಲವನ್ನೂ ತೆರೆದು, ಆಮೇಲೆ ಅಕ್ಷರ ಕೂಡಿಸಿ ಕೂಡಿಸಿ ಹೆಸರು ಬರೆದಳು. ಲಾರಿಯವನು ಬೈದುಕೊಂಡು ಕಾದ.

ಮೂರು ತಿಂಗಳಾದ ಮೇಲೆ ಮಾಲು ವಾಪಸು ಬರತೊಡಗಿತು. ಮನೆಗಳಲ್ಲಿ ಉಂಗುರ ಕಿತ್ತು ಕೈಗೆ ಬರುತ್ತಿದೆ. ಜನ ಸ್ಕ್ರೂಡ್ರೈವರ್ ಹಾಕಿ ತೆರೆಯುತ್ತಿದ್ದಾರೆ. ಯಾರದೋ ಅಂಗೈ ಕೊಯ್ದುಕೊಂಡಿದೆ. ಕಂಪನಿಯ ಒಬ್ಬ ಅಧಿಕಾರಿ ಬಂದರು. ಪರೀಕ್ಷೆಯ ಪುಸ್ತಕವನ್ನು ತಿರುವಿ ಹಾಕಿದರು. ಪುಟ ಪುಟಕ್ಕೂ ಒಂದೇ ರುಜು.

“ಈಯಮ್ಮ ಒಂದನ್ನೂ ತೆಗೆದು ನೋಡಿಲ್ಲ. ಕೂತಲ್ಲೇ ರುಜು ಹಾಕಿದಾರೆ” ಅಂದರು.

ಮಾಲೀಕರು ಮುನಿರತ್ನಮ್ಮನನ್ನು ಕರೆಸಿದರು. ಪ್ರೆಸ್ಸುಗಳು ನಿಂತವು. ಎಲ್ಲರೂ ಬಂದು ಸುತ್ತ ನಿಂತರು. ಆಕೆ ಹಸಿರು ಸೀರೆಯುಟ್ಟಿದ್ದಳೆಂದು ನನ್ನ ನೆನಪು ಹೇಳುತ್ತದೆ. ಹಸಿರು ನಮ್ಮ ಪ್ರೆಸ್ಸಿನ ಬಣ್ಣ. ಸೀರೆಯ ಬಣ್ಣ ನನಗೆ ಗೊತ್ತಿಲ್ಲ.

“ಎಲ್ಲಾನೂ ತೆಗ್ದಿದೀನಿ ಸಾರ್. ಒಂದೊಂದ್ನೂ ತೆಗ್ದಿದೀನಿ” ಅಂದಳು. ಕೈ ಮುಂದೆ ಚಾಚಿದಳು. “ಒಂದ್ ಕೊಡಿ. ಇಲ್ಲೇ ತೆಗ್ದ್ ತೋರುಸ್ತೀನಿ.”

ಮಾಲೀಕರು ನನ್ನ ಕಡೆ ನೋಡಿ, “ಒಂದು ಡಬ್ಬಿ ಮಾಡ್ಕೊಂಡ್ ಬಾರಯ್ಯ” ಅಂದರು.

ಒಳಗೆ ಹೋದೆ. ಮೇಜಿನ ಮೇಲೆ ಎರಡು ಟ್ರೇಗಳಿದ್ದವು. ಒಂದರಲ್ಲಿ ಆ ದಿನದ ಮಾಲು. ಇನ್ನೊಂದು ಕೆಂಪು ಬಣ್ಣ ಬಳಿದದ್ದು. ಬೆಳಿಗ್ಗೆ ಪ್ರೆಸ್ಸು ಹೊಂದಿಸುವಾಗ ಗೀರುವ ಅಲಗು ಸರಿಯಾಗಿ ಕೆಳಗಿಳಿದಿರುವುದಿಲ್ಲ. ಮೊದಲ ಹತ್ತಿಪ್ಪತ್ತು ಮುಚ್ಚಳಗಳಲ್ಲಿ ಗೀರು ಬರೀ ಗುರುತಿಗೆ ಇರುತ್ತದೆ. ಅವನ್ನು ಗುಜರಿಗೆಂದು ಕೆಂಪು ಟ್ರೇಗೆ ಹಾಕುತ್ತಿದ್ದೆವು. ಮೇಲಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವಿಲ್ಲ. ತಿರುಗಿಸಿ, ಹಿಂಬದಿಯಲ್ಲಿ ಗೀರು ಮೂಡಿದೆಯೇ ಎಂದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ನಾನು ಕೆಂಪು ಟ್ರೇಯಿಂದ ಒಂದನ್ನು ತೆಗೆದೆ. ತಿರುಗಿಸಿ ನೋಡಿದೆ.

ಬಹಳ ಕಾಲ ನನ್ನ ನೆನಪಿನಲ್ಲಿ ಇಲ್ಲೊಂದು ಹಿಂಜರಿಕೆ ಇತ್ತು — ಕೈ ಒಳ್ಳೆಯ ಟ್ರೇಯ ಕಡೆ ಒಮ್ಮೆ ಹೋಗಿ ಬಂದದ್ದು. ಅದು ಆಮೇಲೆ ಸೇರಿಸಿಕೊಂಡದ್ದು. ಹಿಂಜರಿಯಲಿಲ್ಲ. ಮುಚ್ಚಳವನ್ನು ಖಾಲಿ ಡಬ್ಬಿಯ ಮೇಲಿಟ್ಟು, ಅಂಚು ಮಡಚುವ ಕೈಯಂತ್ರಕ್ಕೆ ಹಾಕಿ, ಹಿಡಿಯನ್ನು ತಿರುಗಿಸಿದೆ. ಅದಕ್ಕೆ ಒಂದು ನಿಮಿಷವಾದರೂ ಹಿಡಿಯುತ್ತದೆ. ಒಂದು ನಿಮಿಷದ ಕೆಲಸ ಕೈ ತಪ್ಪಿ ಆಗುವುದಿಲ್ಲ. ಅಂಚು ಮಡಚಿದ ಮೇಲೆ ಮುಚ್ಚಳದ ಹಿಂಬದಿ ಯಾರಿಗೂ ಕಾಣುವುದಿಲ್ಲ, ಅದೂ ನನಗೆ ಗೊತ್ತಿತ್ತು.

ಆಕೆ ತೆರೆದುಬಿಟ್ಟರೆ ಅಧಿಕಾರಿ ಆಕೆಯ ಕೈ ನೋಡುತ್ತಾರೆ, ಇನ್ನೊಬ್ಬಳ ಕೈಲಿ ತೆಗೆಸಿ ಅನ್ನುತ್ತಾರೆ, ಆಮೇಲೆ ನನ್ನ ಡ್ರಾಯಿಂಗ್ ಕೇಳುತ್ತಾರೆ — ಇಷ್ಟೂ ಆ ನಿಮಿಷದಲ್ಲಿ ನನ್ನ ತಲೆಯಲ್ಲಿತ್ತು.

ಡಬ್ಬಿ ಕೊಟ್ಟೆ. ಆಕೆ ಎಂದಿನ ಹಾಗೆ ಹೆಬ್ಬೆರಳು ಮಡಚಿ ಗೆಣ್ಣನ್ನು ಇಟ್ಟು ಎಳೆದಳು. ಆಗಲಿಲ್ಲ. ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ಮತ್ತೆ ಎಳೆದಳು. ಮೂರನೆಯ ಸಲಕ್ಕೆ ಉಂಗುರ ಕಿತ್ತು ಕೈಗೆ ಬಂತು. ಅಂಗೈಯಲ್ಲಿದ್ದ ಉಂಗುರವನ್ನು ನೋಡಿದಳು. ಆಮೇಲೆ ಮುಚ್ಚಳವನ್ನು ಬೆರಳಿಂದ ಸವರಿದಳು.

“ಇದು ಅದಲ್ಲ ಸಾರ್. ಇದೇ ಬೇರೆ” ಅಂದಳು. ನನ್ನ ಕಡೆ ತಿರುಗಿದಳು. “ನೀವೇಳಿ ಸಾರ್.”

“ಎಲ್ಲಾ ಒಂದೇ ಡೈಯಲ್ಲಿ ಬಂದಿದ್ದು” ಅಂದೆ.

ಈ ಮಾತಿನಲ್ಲಿ ಸುಳ್ಳಿಲ್ಲ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೌದು, ಇರಲಿಲ್ಲ.

ಆ ದಿನವೇ ಆಕೆಯನ್ನು ಕೆಲಸದಿಂದ ತೆಗೆದರು. ಆದರೆ ಆಕೆ ಹೊರಡುವ ಮುಂಚೆ ಆದ ಒಂದನ್ನು ಬರೆಯಬೇಕು. ನಮ್ಮ ಶೆಡ್ಡಿನ ಅರ್ಧ ಜನ ಗಣಿಯ ಮನೆಗಳಿಂದ ಬಂದವರು. ಗಣಿಯಲ್ಲಿ ಸಿಡಿಮದ್ದು ಹಾರಿಸಿದ ಮೇಲೆ ಒಬ್ಬ ಮೊದಲು ಹೋಗಿ, ತಲೆ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ, ಸದ್ದು ಕೇಳಿ, ಸರಿ ಇದೆ ಎಂದ ಮೇಲೆಯೇ ಉಳಿದವರು ಒಳಗೆ ಕಾಲಿಡುವುದು. ತಟ್ಟದೆ ಸರಿ ಇದೆ ಅಂದವನ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ಕದ್ದವನನ್ನು ಕ್ಷಮಿಸುವ ಊರು ಅದು, ಇಂಥವನನ್ನು ಕ್ಷಮಿಸುವುದಿಲ್ಲ. ಮುನಿರತ್ನಮ್ಮ ತನ್ನ ಊಟದ ಡಬ್ಬಿ ಎತ್ತಿಕೊಳ್ಳಲು ಮೇಜಿನ ಹತ್ತಿರ ಬಂದಾಗ ಗಣಿಯ ಮನೆಯ ಹೆಂಗಸರು ಎದ್ದು ದೂರ ಹೋದರು. ಹಾಸ್ಯ ಮಾಡುತ್ತಿದ್ದ ನಾಗವೇಣಿಯೂ ತಲೆ ಬಗ್ಗಿಸಿಕೊಂಡಳು.

ಸೆಲ್ವರಾಜ್ ಮೇಸ್ತ್ರಿ ಸಂಜೆ ಒಂದೇ ಒಂದು ಕೇಳಿದರು: “ತಂಬಿ, ಆ ಮುಚ್ಳ ಯಾವ್ ಟ್ರೇದು?”

“ಮೇಜಿನ ಮೇಲಿತ್ತು” ಅಂದೆ.

ಅವರು ಮತ್ತೆ ಕೇಳಲಿಲ್ಲ. ಎರಡು ತಿಂಗಳಲ್ಲಿ ಡೈ ತಿದ್ದಿದೆವು. ಗುಳ್ಳೆಯನ್ನು ಇರಬೇಕಾದಲ್ಲಿಗೆ ಸರಿಸಿದೆ. ಅದಕ್ಕೆ ‘ಸುಧಾರಿತ ವಿನ್ಯಾಸ’ ಎಂದು ಹೆಸರಿಟ್ಟೆ. ನಾಗವೇಣಿ ಕಿರುಬೆರಳಲ್ಲಿ ತೆರೆದು ತೋರಿಸಿದಳು. ಮಾಲೀಕರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಆ ಮುಚ್ಚಳದಿಂದಲೇ ನನಗೆ ಹೊಸೂರಿನ ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮೇಸ್ತ್ರಿ ತೀರಿಕೊಂಡಾಗ ನಾನು ಊರಲ್ಲಿರಲಿಲ್ಲ — ಅಲ್ಲ, ಇದ್ದೆ. ಹೋಗಲಿಲ್ಲ.

ಕಳೆದ ತಿಂಗಳು ಬಂಗಾರಪೇಟೆಯಿಂದ ಮಾರಿಕುಪ್ಪಂ ಪ್ಯಾಸೆಂಜರ್ ರೈಲು ಹತ್ತಿದಾಗ ಎದುರಿಗೆ ನಾಗವೇಣಿ ಕೂತಿದ್ದಳು. ಗುರುತು ಹಿಡಿದು ಮಾತಾಡಿಸಿದಳು. ಮುನಿರತ್ನಮ್ಮನ ಸುದ್ದಿ ನಾನು ಕೇಳಲಿಲ್ಲ, ಅವಳೇ ಹೇಳಿದಳು. ಆಕೆಯ ಊರಿನಲ್ಲಿ ಹೆಂಗಸರ ಹಾಲಿನ ಸಂಘ ಶುರುವಾದಾಗ, ಬಂದ ಹಾಲನ್ನು ಪರೀಕ್ಷೆ ಮಾಡಿ ಬರೆದಿಡಲು ಒಬ್ಬರು ಬೇಕಿತ್ತಂತೆ. ಹಾಲಿನ ವಿಷಯ ಮುನಿರತ್ನಮ್ಮನಷ್ಟು ಬಲ್ಲವರು ಯಾರೂ ಇರಲಿಲ್ಲ. ಆಕೆಗೂ ಅದರ ಆಸೆ ಇತ್ತು. ಸಭೆಯಲ್ಲಿ ಯಾರೋ, “ಯಾರು, ಮುಚ್ಳ ತೆಗೀದೆ ರುಜು ಆಕಿದ್ಳಲ್ಲ, ಅವ್ಳಾ?” ಅಂದರಂತೆ. ಅಲ್ಲಿಗೆ ಮುಗಿಯಿತು. ಎರಡನೆಯ ಸಲ ಆ ಜಾಗ ಖಾಲಿಯಾದಾಗಲೂ ಅದೇ ಮಾತು.

“ಪಾಪ ಸಾರ್” ಅಂದಳು ನಾಗವೇಣಿ. “ನಮ್ಗೂ ಯಾಕಂಗ್ ಮಾಡಿದ್ಳೋ ತಿಳೀನಿಲ್ಲ.”

ನಾನು ಉರಿಗಾಂನಲ್ಲಿ ಇಳಿದುಕೊಂಡೆ.

ಹೋದ ವಾರ ಮುನಿರತ್ನಮ್ಮನ ಮನೆಗೆ ಹೋದೆ. ಕೊಟ್ಟಿಗೆಯ ಮುಂದೆ ಬೂಸಾ ಕಲಸುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ — ಡ್ರಾಯಿಂಗ್, ಕೆಂಪು ಟ್ರೇ, ಕೈಯಂತ್ರದ ಒಂದು ನಿಮಿಷ. ಆಕೆ ಕಲಸುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಬಕೆಟ್ಟನ್ನು ಹಸುವಿನ ಮುಂದೆ ತಳ್ಳಿ, ಕೈ ತೊಳೆದುಕೊಂಡಳು.

“ನನ್ಗ್ಯಾಕ್ ಸಾರ್ ಏಳ್ತೀರಿ? ನಾನ್ ತೆಗ್ದಿದ್ದು ನನ್ಗೊತ್ತಿಲ್ವಾ? ಗೊತ್ತಿಲ್ದೋರ್ಗ್ ಏಳಿ. ಸಾಯಂಕಾಲ ಸಂಘದತ್ರ ಆಲು ಆಕಕ್ಕೆ ಎಲ್ರೂ ಬತ್ತಾರೆ.”

ಸಂಜೆ ಸಂಘದ ಕಟ್ಟಡದ ಮುಂದೆ ಮೂವತ್ತು ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಮುನಿರತ್ನಮ್ಮ ತನ್ನ ಹಾಲು ಹಾಕಿ, ಕಾರ್ಯದರ್ಶಿಗೆ, “ಇವ್ರು ಮುಚ್ಳದ್ ಫ್ಯಾಕ್ಟ್ರಿ ಇಂಜಿನಿಯರ್ರು. ಏನೋ ಏಳ್ಬೇಕಂತೆ, ಕೇಳಮ್ಮ” ಅಂದಳು. ಎಲ್ಲರೂ ತಿರುಗಿದರು.

ನಾನು ಹೇಳಿದ್ದು ಇದು: “ಆ ಮುಚ್ಚಳಗಳ ಡಿಸೈನಿನಲ್ಲೇ ದೋಷವಿತ್ತು. ಮುನಿರತ್ನಮ್ಮನವರದು ಏನೂ ತಪ್ಪಿರಲಿಲ್ಲ.”

ಇನ್ನೂ ಹೇಳುವುದಿತ್ತು. ಆದರೆ ಸಾಲಿನಲ್ಲಿದ್ದ ಒಬ್ಬ ಮುದುಕಿ, “ಓಗ್ಲಿ ಬುಡಪ್ಪಾ, ಅಳೇ ಕತೆ. ಅಷ್ಟ್ ದೂರದಿಂದ ಬಂದ್ ಏಳಿದ್ಯಲ್ಲ, ಅದೇ ದೊಡ್ದು” ಅಂದಳು. ಕಾರ್ಯದರ್ಶಿ ಒಂದು ಲೋಟ ಬಿಸಿ ಹಾಲು ತರಿಸಿಕೊಟ್ಟಳು. ನಾನು ಕುಡಿದೆ. ಎದೆ ಹಗುರವಾಯಿತು — ನಿಜವಾಗಿಯೂ ಹಗುರವಾಯಿತು, ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಮುನಿರತ್ನಮ್ಮ ಬಸ್ ನಿಲ್ಲುವ ಜಾಗದವರೆಗೆ ಜೊತೆಗೆ ಬಂದಳು.

“ಡಿಸೈನ್ದ್ ಏಳಿದ್ರಿ. ಆವತ್ತು ಬೇರೇದ್ ಕೊಟ್ರಲ್ಲ, ಅದ್ ಏಳ್ನಿಲ್ಲ.”

ನಾನು ಬಸ್ಸು ಬರುವ ದಾರಿ ನೋಡಿದೆ.

“ಮುಚ್ಳನೇ ಸರಿ ಇರ್ನಿಲ್ಲ ಅಂದ್ರಿ. ಸರಿ ಇಲ್ದಿರೋದ್ಕೆ ದಿನಾ ರುಜು ಆಕ್ತಾ ಇದ್ದೋಳು ಯಾರು ಸಾರ್? ನಾನೇ ಅಲ್ವಾ? ಮೊದ್ಲು ಒಬ್ಬಿಬ್ರಿಗಾದ್ರೂ ಅನ್ಮಾನ ಇತ್ತು. ಈಗ ಎಲ್ರಿಗೂ ಖಾತ್ರಿ ಮಾಡ್ಕೊಟ್ರಿ. ಪಾಪ, ಇಂಜಿನಿಯರ್ರೇ ಬಂದು ಅವ್ಳನ್ನ ಉಳ್ಸಕ್ ನೋಡಿದ್ರು ಅಂತಾರೆ.”

ಸಿಟ್ಟಿರಲಿಲ್ಲ. ಹಸುವಿನ ಕಾಯಿಲೆಯನ್ನು ಡಾಕ್ಟರಿಗೆ ವಿವರಿಸುವ ಹಾಗೆ ಹೇಳಿದಳು. ಬಸ್ಸು ಬಂತು. ಆಕೆ ಹಿಂದಕ್ಕೆ ನಡೆದಳು.

ಅಂದು ಸತ್ಯವಾದ ಒಂದು ಮಾತಿನಿಂದ ಆಕೆಯ ಹೆಸರು ಕೆಡಿಸಿದ್ದೆ. ಹೋದ ವಾರ ಮತ್ತೆ ಅದನ್ನೇ ಮಾಡಿ, ಹಾಲು ಕುಡಿದು ಬಂದೆ.

ಇದನ್ನು ಬರೆದದ್ದು ಅದಕ್ಕೆ. ಬಾಯಲ್ಲಿ ಹೇಳಲು ನಿಂತರೆ ನಾನು ಅರ್ಧಕ್ಕೆ ನಿಲ್ಲಿಸುತ್ತೇನೆ, ಯಾರಾದರೂ ಸಮಾಧಾನ ಹೇಳಿದರೆ ಸಾಕು ನಿಲ್ಲಿಸುತ್ತೇನೆ. ಕಾಗದದಿಂದ ಓದಿದರೆ ನಿಲ್ಲಿಸಲಾಗುವುದಿಲ್ಲ. ಮುನಿರತ್ನಮ್ಮ ತನಗೆ ಕೊಟ್ಟ ಪ್ರತಿಯೊಂದು ಮುಚ್ಚಳವನ್ನೂ ತೆರೆದಿದ್ದಳು. ಅವು ಆಕೆಯ ಕೈಗೆ ಮಾತ್ರ ತೆರೆಯುತ್ತವೆಂದು ತಿಳಿದೇ ನಾನು ಆಕೆಯನ್ನು ಕೂರಿಸಿದೆ. ಯಾರ ಕೈಗೂ ತೆರೆಯದ ಒಂದನ್ನು ಆರಿಸಿ ಆಕೆಗೆ ಕೊಟ್ಟೆ. ಆಕೆ ನನ್ನನ್ನು ಕೇಳಿದಾಗ ಹೇಳಲಿಲ್ಲ. ಇಷ್ಟನ್ನು ಆಕೆಯ ಊರಿನವರೆದುರು, ಹೆಸರು ಹೇಳಿ ಓದಬೇಕು. ಕ್ಷಮಿಸುತ್ತೇನೆಂದು ಆಕೆ ಹೇಳಿಲ್ಲ, ನಾನೂ ಕೇಳಿಲ್ಲ.

ನಾಳೆ ಸಂಜೆ ಐದಕ್ಕೆ ಹಾಲು ಅಳೆಯಲು ಶುರು ಮಾಡುತ್ತಾರೆ. ನಾಲ್ಕೂವರೆಗೆ ಅಲ್ಲಿರುತ್ತೇನೆ. ಕೊನೆಯವರು ಖಾಲಿ ಕ್ಯಾನು ಎತ್ತಿಕೊಂಡು ಹೋಗುವವರೆಗೆ ಇರುತ್ತೇನೆ. ತಡವಾಗಿ ಬಂದವರಿಗೆ ಮತ್ತೆ ಮೊದಲಿನಿಂದ ಓದುತ್ತೇನೆ.